ಒಂದೇ ಹೆಸರಿನ ಇಬ್ಬರು

3 ಸೆಪ್ಟೆಂಬರ್ 2022, ಶಹಾಪುರ

ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದವಳು ಹನ್ನೊಂದಕ್ಕೆ ಎದ್ದು ಕೂತೆ. ನಾಲ್ಕನೇ ಬೆಡ್ಡಿನ ಅಜ್ಜನ ಸಲೈನ್ ನಿಧಾನ ಮಾಡಿದೆನೋ ಇಲ್ಲವೋ? ಎದೆ ಡವಡವ. ವಾರ್ಡಿಗೆ ಫೋನ್ ಹಚ್ಚಿದರೆ ಡೇ ಡ್ಯೂಟಿಯ ಅಕ್ಕ ನಕ್ಕಳು: "ಆ ಅಜ್ಜ ಮುಂಜಾನೆನೇ ಮನಿಗಿ ಹೋಗ್ಯಾನಲ್ಲ. ನೀನೇ ಕ್ಯಾನುಲಾ ತೆಗದು ಕಳಿಸಿದಿ." ಕೆಲಸಕ್ಕೆ ಸೇರಿದ ಮೂರು ವಾರದಲ್ಲಿ ಇಂಥ ಫೋನು ಇದು ಆರನೆಯದೋ ಏಳನೆಯದೋ.

500 ಎಂ.ಎಲ್. ಸಲೈನ್ ನಾಲ್ಕು ತಾಸಿನಲ್ಲಿ ಹೋಗಬೇಕು, ಸೆಟ್ಟಿನಲ್ಲಿ 20 ಹನಿಗೆ ಒಂದು ಎಂ.ಎಲ್., ನಿಮಿಷಕ್ಕೆ ಎಷ್ಟು ಹನಿ? ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ 42 ಎಂದು ಬರೆಯುತ್ತಿದ್ದೆ. ವಾರ್ಡಿನಲ್ಲಿ ಅಜ್ಜ ಮೊಳಕೈ ಮಡಚುತ್ತಾನೆ, ಹನಿ ನಿಲ್ಲುತ್ತದೆ. ಮೊಮ್ಮಗ ಆಟಕ್ಕೆಂದು ಗಾಲಿ ತಿರುವುತ್ತಾನೆ, ಹನಿ ಓಡುತ್ತದೆ. ಪುಸ್ತಕದಲ್ಲಿ ಮೊಮ್ಮಗ ಇರಲಿಲ್ಲ.

ಕಿಟಕಿಯಲ್ಲಿ ಬುದ್ಧ ಮಲಗಿದ ಬೆಟ್ಟ ಕಾಣುತ್ತದೆ. ಅವನಿಗೆ ಎಚ್ಚರವಿಲ್ಲ, ನನಗೆ ನಿದ್ದೆಯಿಲ್ಲ.

ಸುರಪುರದಿಂದ ಅವ್ವನ ಫೋನು. ಓಣಿಗೆಲ್ಲ ಹೇಳಿದ್ದಾಳಂತೆ, ನಮ್ಮ ಹುಡುಗಿ ಸಿಸ್ಟರ್ ಆಗ್ಯಾಳ ಅಂತ. "ಊಟ ಹೋಗವಲ್ದು ಬೇ" ಅನ್ನಬೇಕೆಂದಿದ್ದೆ. "ಆರಾಮ ಇದ್ದೀನಿ" ಅಂದೆ.

10 ಸೆಪ್ಟೆಂಬರ್, ನಸುಕಿನ ನಾಲ್ಕೂವರೆ, ವಾರ್ಡಿನ ಮೇಜು

ಕೈ ನಡುಗುವುದು ನಿಂತಿದೆ. ಮರೆಯುವ ಮೊದಲು ಬರೆದಿಡುತ್ತೇನೆ.

ನಿನ್ನೆ ಅನಂತ ಚತುರ್ದಶಿ. ಸಂಜೆಯಿಂದ ಗಣಪತಿ ಕಳಿಸುವ ಮೆರವಣಿಗೆ, ಡಿಜೆ ಸದ್ದಿಗೆ ಕಿಟಕಿಯ ಗಾಜು ಅದುರುತ್ತಿತ್ತು. ನಮ್ಮ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರು. ಹೆಸರು ಇಲ್ಲಿ ಬೇಡ. ಮೈಲಾಪುರದ ಮಲ್ಲಯ್ಯ ನಮ್ಮ ಸೀಮೆಯ ಮನೆಮನೆಗೆ ಹಂಚಿದ ಹೆಸರು ಅಂದರೆ ಸಾಕು. ಒಬ್ಬಳಿಗೆ ಸಕ್ಕರೆ ಕಾಯಿಲೆ, ಆರನೇ ಬೆಡ್ಡು. ಇನ್ನೊಬ್ಬಳಿಗೆ ಜ್ವರ, ಒಂಬತ್ತನೇ ಬೆಡ್ಡು. ಗಾಳಿ ಬೇಕೆಂದು ಸಕ್ಕರೆಯವಳ ಮಗ ಸಂಜೆ ಜ್ವರದವಳ ಮನೆಯವರನ್ನು ಒಪ್ಪಿಸಿ ಬೆಡ್ ಬದಲಿಸಿಕೊಂಡಿದ್ದ. ಹ್ಯಾಂಡೋವರ್ ಚೀಟಿಯಲ್ಲಿ ಅದು ಬದಲಾಗಿರಲಿಲ್ಲ.

ಏಳೂವರೆಗೆ ಇನ್ಸುಲಿನ್ 10 ಯೂನಿಟ್ ಎಳೆದುಕೊಂಡು ಆರನೇ ಬೆಡ್ಡಿಗೆ ಹೋದೆ. ಹೆಸರು ಹಿಡಿದು ಕೂಗಿದೆ. ಆಕೆ "ಹೂಂ" ಅಂದಳು. ಅನ್ನದೆ ಏನು ಮಾಡಿಯಾಳು, ಅದು ಅವಳದೇ ಹೆಸರು. ಹೊಟ್ಟೆಗೆ ಚುಚ್ಚಿದೆ.

ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಐದರಲ್ಲಿ ನಾಲ್ಕು ಸರಿ.

ಹತ್ತು ನಿಮಿಷವಾಗಿತ್ತು. ಒಂಬತ್ತನೇ ಬೆಡ್ಡಿನಿಂದ ದನಿ: "ಸಿಸ್ಟರಮ್ಮ, ನನ್ನ ಸೂಜಿ ಮರ್ತೀರೇನ್ರಿ? ರೊಟ್ಟಿ ತಣ್ಣಗ ಆಗಾಕತ್ಯಾವ."

ಕಾಲಿನ ಕೆಳಗಿನ ಫರಸಿ ಜಾರಿದ ಹಾಗಾಯಿತು. ಒಂದು ಕ್ಷಣ, ಇದನ್ನು ಬರೆಯಲೇಬೇಕು, ಒಂದು ಕ್ಷಣ ಸುಮ್ಮನಿದ್ದುಬಿಡೋಣ ಅನ್ನಿಸಿತು. ಜ್ವರದವಳಿಗೆ ಗ್ಲುಕೋಸ್ ಹೇಗೂ ಹೋಗುತ್ತಿದೆ, ಏನೂ ಆಗಲಿಕ್ಕಿಲ್ಲ. ಆಮೇಲೆ ಕಾಲು ತಾವೇ ಇನ್‌ಚಾರ್ಜ್ ಅಕ್ಕನ ಕಡೆ ಓಡಿದವು. ನಾನು ಅಳುತ್ತಿದ್ದೆ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಅಳೋದು ಆಮ್ಯಾಲ. ಮೊದ್ಲ ಗ್ಲುಕೋಮೀಟರ್ ತಗೊಂಡ್ ಬಾ."

ಡಾಕ್ಟರಿಗೆ ಫೋನ್. ಊಟ ಮಾಡಿಸಿ, ಅರ್ಧ ತಾಸಿಗೊಮ್ಮೆ ನೋಡಿ, 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಕೈಯಲ್ಲೇ ಇರಲಿ ಅಂದರು. ಈ ಇನ್ಸುಲಿನ್ ಅರ್ಧ ತಾಸಿಗೆ ಕೆಲಸ ಶುರು ಮಾಡುತ್ತದೆ, ಎರಡರಿಂದ ನಾಲ್ಕು ತಾಸಿನೊಳಗೆ ಅದರ ಜೋರು. ಇಂಟರ್ನಲ್ಸ್‌ನಲ್ಲಿ ಇದೇ ಪ್ರಶ್ನೆಗೆ ಪೂರ್ತಿ ಅಂಕ ತೆಗೆದಿದ್ದೆ.

ಎಂಟು ಗಂಟೆ 112. ಒಂಬತ್ತೂವರೆ 84. ಹತ್ತೂವರೆ 61. ಹಣೆಯ ಮೇಲೆ ಬೆವರು, "ಕೈ ನಡಗ್ತಾವ್ರಿ" ಅಂದಳು. ನನ್ನವೂ ನಡುಗುತ್ತಿದ್ದವು. ಅಕ್ಕ ಡೆಕ್ಸ್‌ಟ್ರೋಸ್ ಬಿಟ್ಟಳು. ಹನ್ನೊಂದಕ್ಕೆ 148. ಆಮೇಲೆ 88, 96, ಮೂರಕ್ಕೆ 104. ಬೆರಳು ಬದಲಿಸಿ ಬದಲಿಸಿ ಚುಚ್ಚಿದೆ. ಆಕೆ ನಿದ್ದೆಗಣ್ಣಲ್ಲೇ ಕೈ ಚಾಚುತ್ತಿದ್ದಳು, ಯಾಕೆಂದು ಕೇಳಲಿಲ್ಲ.

ಮನೆಯವರಿಗೆ "ಸಕ್ಕರಿ ಸ್ವಲ್ಪ ಇಳದಾದ" ಎಂದಷ್ಟೇ ಹೇಳಲಾಯಿತು. ಆಗ ನಾನೂ ಅಲ್ಲೇ ನಿಂತಿದ್ದೆ.

12 ಸೆಪ್ಟೆಂಬರ್

ಆಕೆ ಇವತ್ತು ಮನೆಗೆ ಹೋದಳು. ಹೋಗುವಾಗ ಸೆರಗಿನ ಮರೆಯಿಂದ ಒಂದು ಗಂಟು ತೆಗೆದು ಕೈಗಿಟ್ಟಳು. "ಹೊಲದಾಗಿನ ಹೆಸರು. ಹೊಸಾದು. ರಾತ್ರೆಲ್ಲ ನನ್ನ ಬಾಜೂಕ ಕುಂತಿದ್ರಿ."

ನಮ್ಮ ಎರೆಭೂಮಿಯ ಹೆಸರುಕಾಳು ಒಕ್ಕಲಿ ಮಾಡುವ ದಿನಗಳಿವು. ಹೆಸರಿನಿಂದಲೇ ಕೆಟ್ಟವಳ ಕೈಗೆ ಹೆಸರು!

ಇಟ್ಟುಕೊಳ್ಳಲಾಗಲಿಲ್ಲ. ಹೇಳಿಬಿಟ್ಟೆ. ಅವತ್ತು ಚುಚ್ಚಿದ್ದು ನಿಮ್ಮ ಸೂಜಿ ಅಲ್ಲ, ನಾನೇ ತಪ್ಪಿದ್ದು ಅಂತ. "ಅದು ಆಗ್ತದ ತಗೋ ಮಗಳ" ಅನ್ನುತ್ತಾಳೆಂಬ ಆಸೆ ಒಳಗೆ ಇತ್ತು, ಸುಳ್ಳು ಯಾಕೆ ಬರೆಯಲಿ. ಆಕೆ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. "ಅವತ್ತೇ ಹೇಳ್ಬೇಕಿತ್ತು ಯವ್ವಾ" ಅಂದಳು. ಗಂಟು ವಾಪಸ್ ತಗೊಳ್ಳಲಿಲ್ಲ. ತಿರುಗಿಯೂ ನೋಡಲಿಲ್ಲ.

17 ಸೆಪ್ಟೆಂಬರ್, ಯಾದಗಿರಿ

ರಜೆ. ಗೆಳತಿಯ ರೂಮಿಗೆ ಬಂದಿದ್ದೇನೆ. ಮುಂಜಾನೆ ಊರೆಲ್ಲ ಧ್ವಜ. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿದ ದಿನ. ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆದದ್ದು 2019ರಲ್ಲಿ. ಅದೇ ವರ್ಷ ಇದೇ ತಾರೀಖನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಿಗಳ ಸುರಕ್ಷತೆಯ ದಿನವೆಂದು ಮೊದಲ ಸಲ ಆಚರಿಸಿತೆಂದು ಗೆಳತಿ ಫೋನಿನಲ್ಲಿ ಓದಿ ಹೇಳಿದಳು. ಈ ಸಲದ ವಿಷಯ ಔಷಧ ಕೊಡುವುದರಲ್ಲಿನ ಸುರಕ್ಷತೆ. ನನ್ನನ್ನೇ ಹುಡುಕಿಕೊಂಡು ಬಂದ ಹಾಗಿದೆ.

ಆಲ್ಬರ್ಟ್ ವೂ ಎಂಬ ಅಮೆರಿಕದ ಡಾಕ್ಟರು 2000ದಲ್ಲಿ ಒಂದು ಮಾತು ಹೇಳಿದರಂತೆ: ತಪ್ಪಿನಿಂದ ನರಳುವ ಮೊದಲನೆಯವರು ರೋಗಿ, ಎರಡನೆಯವರು ತಪ್ಪು ಮಾಡಿದ ಡಾಕ್ಟರು, ನರ್ಸು. ಇದನ್ನು ಕೇಳಿ ಗೆಳತಿಗೆ ಸಮಾಧಾನವಾಯಿತು, ಅವಳೂ ಪೋಲಿಯೋ ಹನಿ ಹಾಕುವ ದಿನ ಏನೋ ಎಡವಿದ್ದಾಳೆ. ನನಗೆ ಪೂರ್ತಿ ಹಿಡಿಸಲಿಲ್ಲ. ನರಳಿದ್ದು ನಿಜ. ಆದರೆ ಬೆವರು ಬಂದದ್ದು ಆಕೆಯ ಹಣೆಗೆ.

ಆದರೂ ರಾತ್ರಿ ಇಬ್ಬರೂ ಒಬ್ಬರಿಗೊಬ್ಬರು ಎಲ್ಲ ಹೇಳಿಕೊಂಡೆವು. ರೊಟ್ಟಿ ನಾಲ್ಕು ತಿಂದೆ.

26 ಸೆಪ್ಟೆಂಬರ್

ಈಗ ಹೆಸರು ಹೇಳಿ ಹೂಂ ಅನ್ನಿಸುವುದಿಲ್ಲ. "ನಿಮ್ಮ ಹೆಸರೇನ್ರಿ?" ಎಂದು ಅವರ ಬಾಯಿಂದಲೇ ಹೇಳಿಸುತ್ತೇನೆ, ಜೊತೆಗೆ ಇನ್ನೊಂದು ಗುರುತು ಕೇಳುತ್ತೇನೆ. ಈ ಎರಡನೆಯದೇ ಫಜೀತಿ. ವಯಸ್ಸು ಕೇಳಿದರೆ "ಇಂದಿರಾ ಗಾಂಧಿ ಸತ್ತಾಗ ನನಗ ಲಗ್ನ ಆಗಿತ್ತು" ಅನ್ನುತ್ತಾರೆ. ಊರು ಕೇಳಿದರೆ ತವರಿನದು ಹೇಳುತ್ತಾರೆ. ಮಣಿಕಟ್ಟಿಗೆ ಪ್ಲಾಸ್ಟರ್ ಹಚ್ಚಿ ಐಪಿ ನಂಬರ್ ಬರೆಯಲು ಶುರು ಮಾಡಿದ್ದೇನೆ. ಅಕ್ಕ ನೋಡಿ ಏನೂ ಅನ್ನಲಿಲ್ಲ. ಮರುದಿನ ತನ್ನ ರೋಗಿಗಳಿಗೂ ಹಚ್ಚಿದ್ದಳು.

ಹೊಟ್ಟೆಯೊಳಗಿನ ಗಂಟು ಹೋಗಿಲ್ಲ. ಡ್ಯೂಟಿ ಮುಗಿದ ಮೇಲೆ ಮೆಟ್ಟಿಲಿನಿಂದ ವಾಪಸ್ ಬಂದು ನೋಡುವುದು ಮೂರು ಸಲದಿಂದ ಒಂದಕ್ಕೆ ಇಳಿದಿದೆ.

5 ಅಕ್ಟೋಬರ್, ವಿಜಯದಶಮಿ

ಹಬ್ಬಕ್ಕೆ ಸುರಪುರಕ್ಕೆ ಹೋಗಲಾಗಲಿಲ್ಲ. ವಾರ್ಡಿನಲ್ಲೇ ಬನ್ನಿ ಕೊಟ್ಟುಕೊಂಡೆವು, ಏಪ್ರನ್ ಜೇಬು ತುಂಬ ಎಲೆ.

ಎರಡನೇ ಬೆಡ್ಡಿಗೆ ಹೊಸ ಅಜ್ಜಿ. ಕೈತುಂಬ ಬಳೆ, ಮೇಲೆ ಬಾವು, ಪ್ಲಾಸ್ಟರ್ ಹಚ್ಚಲು ಜಾಗವಿಲ್ಲ. ಸೂಜಿ ಹಿಡಿದುಕೊಂಡು ಗಂಡನ ಹೆಸರು ಕೇಳಿದೆ. ಸೆರಗು ಬಾಯಿಗೆ ಹಚ್ಚಿ ಮೊಮ್ಮಗಳತ್ತ ನೋಡಿದಳು, ಮೊಮ್ಮಗಳು ಔಷಧಿ ತರಲು ಹೋಗಿದ್ದಳು. "ನೀವೇ ಹೇಳ್ಬೇಕಜ್ಜಿ. ಅಲ್ಲೀತನ ಸೂಜಿ ಮಾಡಂಗಿಲ್ಲ" ಅಂದೆ. "ಐವತ್ತ ವರ್ಷದಾಗ ಒಮ್ಮೀನೂ ಅಂದಿಲ್ಲ ಯವ್ವಾ." "ಹಂಗಾದ್ರ ಒಡಪು ಹಾಕ್ರಿ."

ಅಜ್ಜಿ ಗಂಟಲು ಸರಿಮಾಡಿಕೊಂಡು ಬನ್ನಿ, ಬಂಗಾರ, ಭೀಮಾ ಹೊಳೆ ಎಲ್ಲ ತಂದು ಕೂಡಿಸಿ, ಕಟ್ಟಕಡೆಗೆ ಗಂಡನ ಹೆಸರು ಇಟ್ಟಳು. ವಾರ್ಡೆಲ್ಲ ನಕ್ಕಿತು, ಅಜ್ಜಿಯೂ. ನಾನು ಕೇಸ್‌ಶೀಟ್ ಬಿಚ್ಚಿ ತಾಳೆ ನೋಡಿದೆ. ಅದೇ ಹೆಸರು. ಸೂಜಿ ಮಾಡಿದೆ.