ಚನ್ನಪಟ್ಟಣದಲ್ಲಿ ಇಳಿದೆ

ಬೆಂಗಳೂರಿಗೂ ಮೈಸೂರಿಗೂ ಓಡಾಡುವ ಸೋದರಿಯರೇ, ಚನ್ನಪಟ್ಟಣವನ್ನು ನೀವು ಎಷ್ಟು ಸಲ ದಾಟಿರಬಹುದು? ರಸ್ತೆಯ ಎರಡೂ ಕಡೆ ಗೊಂಬೆ ಅಂಗಡಿಗಳು, ಸಾಲಾಗಿ ನಿಂತ ಮರದ ಕುದುರೆಗಳು. ಕಣ್ತುಂಬ ನೋಡೋಣ ಅನ್ನುವಷ್ಟರಲ್ಲಿ ಬಸ್ಸು ಊರು ದಾಟಿರುತ್ತಿತ್ತು. ನಾನೂ ನಮ್ಮಮ್ಮನೂ ಹಾಗೆ ದಾಟಿದವರೇ.

ಅಮ್ಮನಿಗೆ ಗೊಂಬೆ ಕೂಡಿಡುವ ಹುಚ್ಚು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆ ಜೋಡಿಯಿಂದ ಶುರುವಾದದ್ದು ಎರಡು ಪೆಟ್ಟಿಗೆ ತುಂಬಿತು. ದಸರೆಗೆ ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ ತಾನೆ? ಮನೆಯಲ್ಲಿ ಎಷ್ಟೇ ಮುಗ್ಗಟ್ಟಿದ್ದರೂ ಅಮ್ಮ ಅದನ್ನು ತಪ್ಪಿಸಲಿಲ್ಲ. ಕೊಂಡದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. "1983, ಶೆಟ್ಟಿ ದಂಪತಿ, 12 ರೂಪಾಯಿ." "1991, ಬರೀ ಒಂದು ಗಿಳಿ, 4 ರೂಪಾಯಿ." ಆ 'ಬರೀ' ಅನ್ನುವ ಒಂದು ಮಾತಿನಲ್ಲೇ ಆ ವರ್ಷದ ನಮ್ಮ ಮನೆಯ ಕಷ್ಟವೆಲ್ಲ ಇದೆ.

ಹಳೇ ಪಂಚೆಯ ಚೂರುಗಳಿಂದ ಗೊಂಬೆಗಳನ್ನು ಬಿಚ್ಚಿ ಕೊಡುವ ಕೆಲಸ ನನ್ನದು, ಮೆಟ್ಟಿಲ ಮೇಲೆ ಕೂರಿಸುವುದು ಅವಳದು. ಹಾಗೇ ಆ ಹುಚ್ಚು ನನಗೂ ಹತ್ತಿತು. ಒಂದು ವರ್ಷ ಮಾತ್ರ ನನ್ನಿಂದ ಒಂದು ತಪ್ಪಾಯಿತು. ಚನ್ನಪಟ್ಟಣದ ಮರದ ಅಡಿಗೆ ಸೆಟ್ಟಿನಲ್ಲಿ ಒರಳು, ಬೀಸೋಕಲ್ಲು, ಬಿಂದಿಗೆ, ಲಟ್ಟಣಿಗೆ, ಕಡೆಗೋಲು ಎಲ್ಲ ಇದ್ದವು. ಆಡುವಾಗ ಕಡೆಗೋಲನ್ನು ಕಳೆದುಬಿಟ್ಟೆ. ಅಮ್ಮ ಬಯ್ಯಲಿಲ್ಲ. ಅಲ್ಲಿಂದಾಚೆಗೆ ಪ್ರತಿ ದಸರೆಗೂ ಆ ಪುಟ್ಟ ಗಡಿಗೆಯೊಳಗೆ ಒಂದು ಬೆಂಕಿಕಡ್ಡಿ ನಿಲ್ಲಿಸುತ್ತಿದ್ದಳು, ಅಷ್ಟೆ.

ಬೆಂಗಳೂರಿನ ಸೋದರಮಾವನ ಮನೆಗೆ ಹೋಗುವಾಗಲೆಲ್ಲ ಚನ್ನಪಟ್ಟಣ ಬಂದರೆ ಅಮ್ಮ ಕಿಟಕಿಗೆ ಮುಖ ಹಚ್ಚಿ, "ಇಲ್ಲಿ ಇಳಿದುಬಿಡೋಣವೇನೇ?" ಅನ್ನುತ್ತಿದ್ದಳು. "ಮುಂದಿನ ಸಲ ಅಮ್ಮ" ಅನ್ನುತ್ತಿದ್ದೆ. ಕೈಯಲ್ಲಿ ಚೀಲ, ಮಡಿಲಲ್ಲಿ ಮಗು, ಮನೆಯಲ್ಲಿ ಕಾಯುವವರು. ಹೀಗೆ ಒಂದಲ್ಲ ಒಂದು ನೆಪ ಇದ್ದೇ ಇರುತ್ತಿತ್ತು. 2022ರಲ್ಲಿ ಅಮ್ಮ ತೀರಿಕೊಂಡಳು. ಆ ವರ್ಷ ಗೊಂಬೆ ಕೂರಿಸಲಿಲ್ಲ.

ಪೆಟ್ಟಿಗೆ ನನ್ನ ಮನೆಗೆ ಬಂತು. 2023ರ ದಸರೆ ಹತ್ತಿರ ಬಂದಾಗ ಮನಸ್ಸು ತಡೆಯಲಿಲ್ಲ. ಆ ಹೊತ್ತಿಗೆ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಗಿ, ತಡೆರಹಿತ ಬಸ್ಸುಗಳು ಊರಿನ ಹೊರಗಿಂದಲೇ ಓಡುತ್ತಿದ್ದವು. ಕಿಟಕಿಯಿಂದ ನೋಡುವ ಭಾಗ್ಯವೂ ಹೋಯಿತಲ್ಲ ಅನ್ನಿಸಿತು. ಇನ್ನು ಬೇಕೆಂದೇ ಇಳಿದವರಿಗಷ್ಟೇ ಚನ್ನಪಟ್ಟಣ. ಪಾಂಡವಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿದೆ. ಮಂಡ್ಯ, ಮದ್ದೂರು ಆದ ಮೇಲೆ ಚನ್ನಪಟ್ಟಣ. ಬೆಂಗಳೂರಿನಿಂದ ಬರುವವರಿಗೆ ಸುಮಾರು 60 ಕಿಲೋಮೀಟರ್.

ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಈ ಕೆಲಸ ಕಲಿಸಿದರೆಂದು ಹೇಳುತ್ತಾರೆ. ಅಂಗಡಿಯವರೊಬ್ಬರು ದಾರಿ ತೋರಿಸಿದ ಗಲ್ಲಿಯಲ್ಲಿ, ಸಣ್ಣ ಕಾರ್ಖಾನೆಯೊಂದರ ಬಾಗಿಲಲ್ಲಿ ನಿಂತು ನೋಡಿದೆ. ಆಲೆ ಮರವನ್ನು ಒಣಗಿಸಿ, ತುಂಡು ಮಾಡಿ ಲೇತ್ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಗಿರ್ರನೆ ತಿರುಗುವ ಮರಕ್ಕೆ ಉಳಿ ಹಿಡಿದರೆ ಮಲ್ಲಿಗೆ ಎಸಳಿನಂಥ ಬಿಳೀ ಸಿಪ್ಪೆ ಉದುರುತ್ತದೆ. ಆಮೇಲೆ ಬಣ್ಣ. ಕುಂಚವಿಲ್ಲ, ಡಬ್ಬಿಯಿಲ್ಲ! ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯ ಹೊಳಪು.

ಲೇತಿನ ಮುಂದೆ ಕೂತಿದ್ದವರು ನನ್ನ ವಯಸ್ಸಿನ ಒಬ್ಬ ಹೆಂಗಸು. ಪರ್ಸಿನಲ್ಲಿ ತಂದಿದ್ದ ಆ ಪುಟ್ಟ ಗಡಿಗೆಯನ್ನು ಸಂಕೋಚದಿಂದಲೇ ತೋರಿಸಿ, "ಇದಕ್ಕೊಂದು ಕಡೆಗೋಲು ಸಿಗುತ್ತದೆಯೇ?" ಎಂದೆ. "ಬಿಡಿಯಾಗಿ ಮಾರಲ್ಲ ಅಕ್ಕಾ, ಸೆಟ್ಟೇ ತಗೋಬೇಕು" ಅಂದವರು ಗಡಿಗೆಯನ್ನು ತಿರುಗಿಸಿ ನೋಡಿದರು. "ಯಾರದು?" ಎಂದು ಕೇಳಿದರು. ಹೇಳಿದೆ. ಅವರು ಮಾತಾಡದೆ ಒಂದು ಚೂರು ಮರ ತೆಗೆದು ಲೇತಿಗೆ ಸಿಕ್ಕಿಸಿದರು. ಸ್ವಲ್ಪ ಹೊತ್ತಿನಲ್ಲೇ ಬೆರಳುದ್ದದ ಕಡೆಗೋಲು ನನ್ನ ಅಂಗೈಯಲ್ಲಿ!

ಗಡಿಗೆ ಮಾಸಿದ ಕೆಂಪು, ಕಡೆಗೋಲು ಹೊಚ್ಚ ಹೊಸ ಕೆಂಪು. "ಬಣ್ಣ ಹೊಂದಲಿಲ್ಲ" ಎಂದು ನಾನು ಪೇಚಾಡಿದ್ದಕ್ಕೆ ಅವರು ನಕ್ಕು, "ವರ್ಷಾ ವರ್ಷಾ ತೆಗೆದು ಇಡ್ತಾ ಇರಿ ಅಕ್ಕಾ, ತಾನೇ ಹೊಂದುತ್ತೆ" ಎಂದರು. ದುಡ್ಡು ಬೇಡವೆಂದರು. ಬಲವಂತ ಮಾಡಿ ಕೊಟ್ಟು, ಒಂದು ಕುದುರೆಯನ್ನೂ ಕೊಂಡು ಬಂದೆ.

ಆ ರಾತ್ರಿ ಅಮ್ಮನ ನೋಟ್‌ಬುಕ್ ತೆಗೆದೆ. 2022ರ ಸಾಲನ್ನು ಖಾಲಿ ಬಿಟ್ಟೆ. ಅದರ ಕೆಳಗೆ ನನ್ನ ಕೈಬರಹದಲ್ಲಿ, "2023, ಕುದುರೆ. ಕಡೆಗೋಲು ಸಿಕ್ಕಿತು" ಎಂದು ಬರೆದೆ. ಮೆಟ್ಟಿಲ ಮೇಲೆ ಸೆಟ್ಟು ಜೋಡಿಸುವಾಗ ನನ್ನ ಮಗಳು, "ಅಜ್ಜಿಯ ಬೆಂಕಿಕಡ್ಡಿ ಎಲ್ಲಮ್ಮಾ?" ಅಂದಳು. ಅವಳಿಗೂ ನೆನಪಿದೆ ಎಂದು ನಾನು ಅಂದುಕೊಂಡಿರಲಿಲ್ಲ. ಕಡೆಗೋಲಿನ ಪಕ್ಕದಲ್ಲೇ ಒಂದು ಕಡ್ಡಿಯನ್ನೂ ಇಟ್ಟೆವು.

ಹೋಗುವವರಿಗೆ ಎರಡು ಮಾತು. ಹಗಲು ಹೊತ್ತಿನಲ್ಲಿ ಹೋದರೆ ಕೆಲಸ ನಡೆಯುವುದನ್ನು ನೋಡಬಹುದು. ಅಂಗಡಿಗಳಲ್ಲಿ ಪ್ಲಾಸ್ಟಿಕ್ ಆಟಿಕೆಗಳೂ ಇರುತ್ತವೆ, ಮರದ್ದು ಹೌದೇ ಎಂದು ಕೇಳಿ ಕೊಳ್ಳಿ. ಮನೆಗೆ ತಂದ ಮೇಲೆ ನೀರಿನಲ್ಲಿ ತೊಳೆಯಬೇಡಿ, ಬಿಸಿಲಿಗಿಡಬೇಡಿ. ಒಣ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಹಬ್ಬ ಮುಗಿದ ಮೇಲೆ ಹಳೇ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೇ ಸುತ್ತಿ, ಪೆಟ್ಟಿಗೆಯಲ್ಲಿ ನಾಲ್ಕು ಲವಂಗದ ಗಂಟು ಹಾಕಿಡಿ. ಅಮ್ಮ ಹಾಗೆಯೇ ಮಾಡುತ್ತಿದ್ದಳು.

ಇನ್ನೊಂದು ಮಾತು. ನಿಮ್ಮ ತಾಯಿ ಇದ್ದು, ಯಾವುದೋ ಊರು ಬಂದಾಗ "ಇಲ್ಲಿ ಇಳಿಯೋಣವೇನೇ?" ಎಂದು ಕೇಳಿದರೆ, ಚೀಲ ಭಾರವಾದರೂ ಸರಿ, ಇಳಿದುಬಿಡಿ.