ಒತ್ತಿದರೆ ತೂಕ ಇಳಿಯಲ್ಲ

ನಮ್ಮ ಟೆಕ್‌ಪಾರ್ಕಿನ ಬೇಸ್‌ಮೆಂಟಲ್ಲಿ ಒಂದು ಕಸದ ಕಾಂಪ್ಯಾಕ್ಟರ್ ಇದೆ. ಬಟನ್ ಒತ್ತಿದರೆ ಹೈಡ್ರಾಲಿಕ್ ಹಲಗೆ ಮುಂದೆ ಬಂದು ಕಸವನ್ನೆಲ್ಲ ಕಬ್ಬಿಣದ ಡಬ್ಬದೊಳಗೆ ಅದುಮಿಬಿಡುತ್ತೆ. ಲಾರಿ ಟ್ರಿಪ್ಪು ಕಮ್ಮಿ, ಜಾಗ ಉಳಿತಾಯ. ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಥೇಟ್ ಜಿಪ್ ಫೈಲ್. ಆದರೆ ಜಿಪ್ ಫೈಲನ್ನು ಮತ್ತೆ ಬಿಚ್ಚಬಹುದು, ಇದನ್ನು ಆಗಲ್ಲ.

ಒಣಗಿದ ರಟ್ಟನ್ನಷ್ಟೇ ಒತ್ತಿ ಕಟ್ಟಿದರೆ ಗುಜರಿಯವರು ದುಡ್ಡು ಕೊಟ್ಟು ಒಯ್ತಾರೆ. ಅದರ ಜೊತೆ ಕ್ಯಾಂಟೀನಿನ ಅನ್ನ-ಸಾಂಬಾರೂ ಸೇರಿತೋ, ರಟ್ಟು ಗುಜರಿಗೆ ಬೇಡ, ಅನ್ನ ಗೊಬ್ಬರಕ್ಕೆ ಬೇಡ. ಕೆಳಗೆ ಸೋರೋ ಗಬ್ಬುನೀರು ಬೇರೆ. ಯಂತ್ರ ಕುಗ್ಗಿಸೋದು ಗಾತ್ರ ಮಾತ್ರ, ತೂಕ ಹಾಗೇ ಇರುತ್ತೆ.

ದಿನಕ್ಕೆ ಸರಾಸರಿ 100 ಕಿಲೋ ದಾಟಿದರೆ ಸಗಟು ಕಸದವರು ಅಂತ 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ದೊಡ್ಡ ಕ್ಯಾಂಟೀನಿಗೆ ಅದೇನು ಮಹಾ, ಒಂದು ಮಧ್ಯಾಹ್ನದ ಊಟ ಸಾಕು.

ಇಷ್ಟೆಲ್ಲ ತುಂಬಿಕೊಂಡ ಲಾರಿ ಹೋಗೋದೆಲ್ಲಿಗೆ? ಊರಾಚೆ, ಅಂದರೆ ಇನ್ಯಾರದೋ ಊರಿಗೆ. ಬೆಂಗಳೂರಿನ ಕಸ ಸಹಿಸಿ ಸಹಿಸಿ ಸಾಕಾದ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದರು. ಹಳ್ಳಿಯಲ್ಲಿ ಬೆಳೆದ ನನಗೆ ಆ ಸಿಟ್ಟು ಅರ್ಥವಾಗುತ್ತೆ. ನಮ್ಮೂರಲ್ಲಿ ಅವರವರ ತಿಪ್ಪೆ ಅವರವರ ಹಿತ್ತಲಲ್ಲಿ ಇರ್ತಿತ್ತು; ಮಳೆಗಾಲದ ಮುಂಚೆ ಗೊಬ್ಬರವಾಗಿ ಅವರದೇ ಹೊಲಕ್ಕೆ ಹೋಗ್ತಿತ್ತು.

ಕಾಂಪ್ಯಾಕ್ಟರ್ ಬೇಡ ಅಂತಲ್ಲ, ಬೇಕು. ಆದರೆ ಹಸಿ, ಒಣ ಬೇರೆಯಾಗಬೇಕಾದ್ದು ಮೇಲೆ, ನಾವು ಊಟದ ತಟ್ಟೆ ಖಾಲಿ ಮಾಡೋ ಜಾಗದಲ್ಲಿ. ಬೇಸ್‌ಮೆಂಟಿಗೆ ಇಳಿದ ಮೇಲೆ ತಡವಾಗಿರುತ್ತೆ.