ಕಿರ್ದಿಯಲ್ಲಿ ಕಂಡ ಮರೆವು

ಅರುವತ್ತಕ್ಕೆ ಅರಳು ಮರಳು ಎಂಬ ಮಾತು ಕನ್ನಡಿಗರ ಮನೆಮನೆಯಲ್ಲಿಯೂ ಉಂಟು. ವಿನೋದಕ್ಕೆ ಆಡಿದರೆ ಬಾಧೆಯಿಲ್ಲ. ಹಿರಿಯರೊಬ್ಬರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದಾಗ ಈ ಗಾದೆಯನ್ನು ಹೇಳಿ ಸುಮ್ಮನಾದರೆ ಮಾತ್ರ ಒಂದು ಕಾಯಿಲೆ ವರ್ಷಗಟ್ಟಲೆ ಮರೆಯಲ್ಲಿಯೇ ಬೆಳೆಯುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು, ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜು ಮಾಡಿತು. ಇಂಥವರು ನರರೋಗತಜ್ಞರ ಬಾಗಿಲಿಗೆ ನೇರವಾಗಿ ಹೋಗುವವರಲ್ಲ. ರಕ್ತದೊತ್ತಡಕ್ಕೋ ಮೊಣಕಾಲಿನ ನೋವಿಗೋ ಓಣಿಯ ವೈದ್ಯರಲ್ಲಿಗೆ ಬರುವವರು. ಗುರುತಿಸುವ ಹೊಣೆಯೂ ಮೊದಲು ಆ ವೈದ್ಯರದೇ.

ಹುಬ್ಬಳ್ಳಿಯ ಅಡತ ವ್ಯಾಪಾರಿಯೊಬ್ಬರ ಪ್ರಸಂಗವಿದು. ವಯಸ್ಸು ಎಪ್ಪತ್ತನಾಲ್ಕು, ಬಡ್ಡಿಯ ಲೆಕ್ಕವನ್ನು ಕಾಗದವಿಲ್ಲದೆ ಹೇಳುವವರೆಂದು ಪೇಟೆಯಲ್ಲಿ ಹೆಸರಾದವರು. ಇಪ್ಪತ್ತೈದು ವರ್ಷಗಳಿಂದ ಒಬ್ಬರೇ ವೈದ್ಯರು ಅವರ ರಕ್ತದೊತ್ತಡ, ಮಧುಮೇಹಗಳನ್ನು ನೋಡಿಕೊಂಡಿದ್ದರು. ಬರುಬರುತ್ತ ಒತ್ತಡ ಹತೋಟಿ ತಪ್ಪಿತು. ವೈದ್ಯರು ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಆರು ತಿಂಗಳ ಮೇಲೆ ಇನ್ನೊಂದು ಗುಳಿಗೆ ಸೇರಿಸಿದರು. ಆ ಭೇಟಿಗಳಲ್ಲಿ ಏನು ಕೇಳಿದರೂ ಹಿರಿಯರು ಮಗನ ಕಡೆಗೆ ತಿರುಗಿ, "ಇವನ್ನ ಕೇಳ್ರಿ ಡಾಕ್ಟ್ರ, ಈಗ ಎಲ್ಲಾ ಇವನ ನೋಡತಾನ" ಎಂದು ನಗುತ್ತಿದ್ದರು. ಮಗನಿಗೆ ಭಾರ ಒಪ್ಪಿಸಿದ ತಂದೆಯ ತೃಪ್ತಿ ಅದೆಂದು ವೈದ್ಯರು ತಿಳಿದರು. ಉತ್ತರಕ್ಕಾಗಿ ಜೊತೆಯವರ ಮುಖ ನೋಡುವುದು ನೆನಪು ಕುಂದುತ್ತಿರುವುದರ ಒಂದು ಸೂಚನೆಯೆಂದು ವೈದ್ಯಶಾಸ್ತ್ರ ಬಲ್ಲದು. ಆದರೆ ಸೌಜನ್ಯವಂತರಲ್ಲಿ ಅದು ಸೌಜನ್ಯವಾಗಿಯೇ ಕಾಣುತ್ತದೆ.

ಬೇಸಿಗೆಯ ರಜೆಗೆ ಬಂದ ಮೊಮ್ಮಗಳು ಅಜ್ಜನಿಗೆ ಗುಳಿಗೆಗಳನ್ನು ಹೊತ್ತುಹೊತ್ತಿಗೆ ತಾನೇ ಕೊಡತೊಡಗಿದಳು. ಕೆಲವೇ ದಿನಗಳಲ್ಲಿ ಅಜ್ಜ ಬಚ್ಚಲಮನೆಯಲ್ಲಿ ತಲೆಸುತ್ತಿ ಬಿದ್ದರು. ಮೂಳೆ ಮುರಿಯಲಿಲ್ಲವೆಂಬುದೇ ಪುಣ್ಯ. ಕಪಾಟಿನ ಬಟ್ಟೆಗಳ ಕೆಳಗೆ ಸಿಕ್ಕ ಹಳೆಯ ಗುಳಿಗೆಗಳನ್ನು ಆಕೆ ಚೀಲದಲ್ಲಿ ತಂದು ವೈದ್ಯರ ಮೇಜಿನ ಮೇಲೆ ಸುರಿದಳು. ಅರ್ಧಕ್ಕಿಂತ ಹೆಚ್ಚು ಒಡೆಯದೆ ಉಳಿದಿದ್ದವು. ನುಂಗದೆ ಮರೆತ ಗುಳಿಗೆಗಳ ಮೇಲೆ ಮತ್ತಷ್ಟು ಗುಳಿಗೆ ಬರೆಯುತ್ತ ಬಂದೆನೆಂಬುದು ವೈದ್ಯರಿಗೆ ಆಗ ಅರಿವಾಯಿತು.

ಪರೀಕ್ಷೆಯೇನೂ ಕಠಿಣವಾದುದಲ್ಲ. 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ದಂಪತಿಗಳು ಮತ್ತು ಮೆಕ್‌ಹ್ಯೂ ಸಿದ್ಧಪಡಿಸಿದ 30 ಅಂಕಗಳ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಗೆ ಬಂದಿತು. ಅದರಲ್ಲಿ ಓದುವ, ಬರೆಯುವ ಪ್ರಶ್ನೆಗಳುಂಟು. ಶಾಲೆಯ ಮುಖ ಕಾಣದ ಮುದುಕಿ ಯಾವ ಕಾಯಿಲೆಯೂ ಇಲ್ಲದೆ ಅಂಕ ಕಳೆದುಕೊಳ್ಳುತ್ತಾಳೆ. ಅದಕ್ಕಾಗಿಯೇ ಹರಿಯಾಣದ ಬಲ್ಲಭಗಢದ ಹಳ್ಳಿಗರಿಗೆ ಒಪ್ಪುವ ಹಿಂದಿ ರೂಪವೊಂದು 1995ರಲ್ಲಿ ಪ್ರಕಟವಾಯಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ರೂಪಿಸಿದ ಪರೀಕ್ಷೆಗಳು ಕನ್ನಡದಲ್ಲಿಯೂ ಬಂದವು. ಈ ವ್ಯಾಪಾರಿಯ ವಿಷಯದಲ್ಲಿ ತೊಡಕು ತದ್ವಿರುದ್ಧವಾದುದು. ನೂರರಿಂದ ಏಳೇಳು ಕಳೆಯುತ್ತ ಹೋಗಿರೆಂದರೆ ಅವರು ತಡವರಿಸಲಿಲ್ಲ. ಐವತ್ತು ವರ್ಷಗಳ ಅಭ್ಯಾಸ ಅಂಕೆಗಳನ್ನು ಕಾಪಾಡಿತ್ತು. ಆದರೆ ಕೆಲವು ನಿಮಿಷಗಳ ಹಿಂದೆ ಹೇಳಿಕೊಟ್ಟ ಮೂರು ಪದಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿರೆಂದಾಗ ಮುಳ್ಳುಗಳನ್ನು ಹತ್ತು ಮತ್ತು ಹನ್ನೊಂದರ ಮೇಲೆ ಇಟ್ಟರು. ಹೀಗೆ ವ್ಯಕ್ತಿಯನ್ನು ಅವನದೇ ನಿನ್ನೆಯೊಡನೆ ಹೋಲಿಸಬೇಕು. ಆ ನಿನ್ನೆಯನ್ನು ಬಲ್ಲವರು ಹಳೆಯ ವೈದ್ಯರು ಮತ್ತು ಮನೆಯವರು.

ಮರೆವೆಲ್ಲವೂ ಗುಣವಾಗದ ಕಾಯಿಲೆಯಲ್ಲ. ಒಂದೆರಡು ದಿನಗಳಲ್ಲಿ ಹಠಾತ್ತನೆ ಬಂದ ಗೊಂದಲಕ್ಕೆ ಸೋಂಕು ಇಲ್ಲವೆ ಔಷಧಿ ಕಾರಣವಾಗಿರಬಹುದು; ಅದಕ್ಕೆ ತುರ್ತು ಚಿಕಿತ್ಸೆ ಬೇಕು. ಥೈರಾಯ್ಡ್ ಕೊರತೆ, ಖಿನ್ನತೆ, ಕಿವಿ ಮಂದವಾಗುವಿಕೆ ಇವುಗಳನ್ನೂ ನೋಡಬೇಕು. ಮಾಂಸಾಹಾರವನ್ನು ವರ್ಜಿಸಿದ ಮನೆತನಗಳು ಬಿ-12 ಜೀವಸತ್ವದ ಮಾತನ್ನು ಕಿವಿಗೊಟ್ಟು ಕೇಳಬೇಕು. ಹಾಲು ಮೊಸರುಗಳೂ ಕಡಿಮೆಯಾದರೆ ಅದರ ಕೊರತೆ ಸುಲಭವಾಗಿ ತಲೆದೋರುತ್ತದೆ. ಮಧುಮೇಹದ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ಸೇವಿಸುವವರಲ್ಲಿ ಇನ್ನಷ್ಟು. ವ್ರತಕ್ಕೆ ಇದರಿಂದ ಭಂಗವಿಲ್ಲ, ಪೂರೈಸಲು ಔಷಧಿಯಿದೆ. ಪರ್ವದ ಉಪವಾಸದ ದಿನ ಸಕ್ಕರೆ ಇಳಿಸುವ ಗುಳಿಗೆ ನುಂಗಿ ಗೊಂದಲಕ್ಕೆ ಬೀಳುವವರೂ ಉಂಟು. ಅಂಥವರು ಉಪವಾಸಕ್ಕೆ ಮುಂಚೆಯೇ ವೈದ್ಯರನ್ನು ಕೇಳುವುದು ಲೇಸು. ಈ ಹಿರಿಯರ ರಕ್ತದಲ್ಲಿ ಬಿ-12 ಕಡಿಮೆಯಿತ್ತು. ಚುಚ್ಚುಮದ್ದಿನಿಂದ ಪಾದಗಳ ಜೋಮು ತಗ್ಗಿತು, ಮುಖದಲ್ಲಿ ಗೆಲವು ಬಂತು. ಮರೆವು ಮಾತ್ರ ಉಳಿಯಿತು.

ಮಗ ಒಬ್ಬನೇ ಬಂದು, "ಅಪ್ಪಾರಿಗೆ ಇದನ್ನ ಹೇಳಬ್ಯಾಡ್ರಿ, ಮನಸ್ಸಿಗೆ ಹಚ್ಚಿಕೋತಾರ" ಎಂದನು. ಪಾಲುದಾರಿಕೆಯ ಪತ್ರಕ್ಕೆ ಬೇಗನೆ ಸಹಿ ಹಾಕಿಸಬಹುದೇ ಎಂದೂ ಕೇಳಿದನು. ಅವನು ಕೆಟ್ಟವನಲ್ಲ, ಹೆದರಿದ್ದನು. 1872ರ ಭಾರತೀಯ ಕರಾರು ಕಾಯಿದೆಯ 12ನೆಯ ಕಲಮಿನ ಪ್ರಕಾರ, ಕರಾರು ಮಾಡುವ ಹೊತ್ತಿನಲ್ಲಿ ಅದರ ಅರ್ಥವನ್ನು ತಿಳಿದು, ತನ್ನ ಹಿತದ ಮೇಲೆ ಅದರ ಪರಿಣಾಮವನ್ನು ವಿವೇಚಿಸಬಲ್ಲವನು ಸ್ವಸ್ಥಚಿತ್ತನು. ಹತ್ತು ಹೆಸರು ಮರೆತವನೂ ಈ ವಿವೇಚನೆಯನ್ನು ಉಳಿಸಿಕೊಂಡಿರಬಹುದು. ಬೇಗನೆ ಗುರುತಿಸಿದರೆ ನಿರ್ಧಾರ ಅವನ ಕೈಯಲ್ಲಿರುತ್ತದೆ. ತಡವಾದರೆ ಬೇರೆಯವರ ಕೈಗೆ ಹೋಗುತ್ತದೆ. ತಂದೆಗೆ ತಿಳಿಸದೆ ಸಹಿ ಹಾಕಿಸುವುದು ಪ್ರೀತಿಯಿಂದ ಮಾಡಿದರೂ ವಂಚನೆಯೇ. ವೈದ್ಯರು ಮೊದಲು ಹಿರಿಯರೊಡನೆಯೇ ಮಾತನಾಡುವೆನೆಂದು ಹೇಳಿ, ಮಗನನ್ನು ಹೊರಗೆ ಕೂರಿಸಿದರು.

ಹಿರಿಯರು ಎಲ್ಲವನ್ನೂ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಡಾಕ್ಟ್ರ, ನೀವು ಹೇಳೂ ಮೊದಲ ನನಗ ಕಿರ್ದಿ ಹೇಳಿತ್ರಿ. ಎರಡು ವರ್ಷ ಆತು, ಸಂಜಿಗೆ ಶಿಲ್ಕು ಕೂಡವಲ್ದು" ಎಂದರು. ಶಿಲ್ಕು ಕಡಿಮೆ ಬಿದ್ದ ದಿನ ತಮ್ಮ ಕಿಸೆಯಿಂದ ತುಂಬಿದ್ದರಂತೆ. ಹೆಚ್ಚು ಉಳಿದ ದಿನದ ಹಣವನ್ನು ಬೇರೊಂದು ಸಂಚಿಯಲ್ಲಿ ಇಡುತ್ತಿದ್ದರು. ಹೆಚ್ಚು ಉಳಿಯಿತೆಂದರೆ ಯಾವನೋ ರೈತನಿಗೆ ಕಡಿಮೆ ಸಂದಿರಬೇಕು. ಅವನಾರೆಂಬುದು ಮಾತ್ರ ನೆನಪಾಗುತ್ತಿರಲಿಲ್ಲ. ನಾಚಿಕೆಯಿಂದ ಗುಮಾಸ್ತನನ್ನೂ ಕೇಳಿರಲಿಲ್ಲ.

ಆ ವಾರವೇ ಗುಮಾಸ್ತನನ್ನೂ ಮಗನನ್ನೂ ಕೂರಿಸಿಕೊಂಡು ಎರಡು ವರ್ಷಗಳ ಕಿರ್ದಿಯನ್ನು ಪುಟಪುಟವಾಗಿ ತೆಗೆಸಿದರು. ಪಾಲುದಾರಿಕೆಯ ಪತ್ರವನ್ನು ವಕೀಲರಿಂದ ಎರಡು ಬಾರಿ ಓದಿಸಿ, ಒಂದು ಷರತ್ತನ್ನು ತಿದ್ದಿಸಿ, ಆಮೇಲೆ ಸಹಿ ಮಾಡಿದರು. ಸಂಚಿಯ ಹಣ ಒಬ್ಬೊಬ್ಬರಾಗಿ ಹನ್ನೊಂದು ಜನ ರೈತರಿಗೆ ಮುಟ್ಟಿತು. ಹನ್ನೆರಡನೆಯವನ ಗುರುತು ಸಿಗಲಿಲ್ಲ. ಅವನ ಪಾಲು ಹೆಸರಿಲ್ಲದ ಖಾತೆಯೊಂದರಲ್ಲಿ ಜಮಾ ಇದೆ. ಪ್ರತಿ ದೀಪಾವಳಿಗೆ ಹೊಸ ಪುಸ್ತಕ ತೆರೆದಾಗ ಮಗನು ಆ ಬಾಕಿಯನ್ನು ಮೊದಲನೆಯ ಪುಟದಲ್ಲಿ ಬರೆಯುತ್ತಾನೆ.